ಅಂಗಡಿ ಹಲಗೆಯ ಈಚೆ ಬದಿ

ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್ ಅವರ ‘ದಿ ಬ್ಲೂಯೆಸ್ಟ್ ಐ’ ಕಾದಂಬರಿಯಲ್ಲಿ ಪೆಕೋಲಾ ಎಂಬ ಹನ್ನೊಂದು ವರ್ಷದ ಕಪ್ಪು ಹುಡುಗಿ ಮಿಠಾಯಿ ಕೊಳ್ಳಲು ಅಂಗಡಿಗೆ ಹೋಗುವ ಒಂದು ಪ್ರಸಂಗ ಬರುತ್ತದೆ. ಮೂರು ಪೆನ್ನಿಗಳನ್ನು ಅವಳು ಬೂಟಿನೊಳಗೆ ಇಟ್ಟುಕೊಂಡಿದ್ದಾಳೆ. ನಡೆಯುವಾಗ ಅವು ಕಾಲುಚೀಲಕ್ಕೂ ಬೂಟಿನ ತಳಕ್ಕೂ ನಡುವೆ ಹಿಂದೆ ಮುಂದೆ ಜಾರುತ್ತಿವೆ. ದಾರಿಯ ಬದಿಯಲ್ಲಿ ಅರಳಿದ ಹಳದಿ ಹೂಗಳನ್ನು ಕಂಡು, ಇಷ್ಟು ಚೆನ್ನಾಗಿರುವಾಗ ಜನ ಇವನ್ನು ಕಳೆ ಎಂದು ಏಕೆ ಕರೆಯುತ್ತಾರೋ ಎಂದುಕೊಳ್ಳುತ್ತಾಳೆ. ಅಂಗಡಿಯ ಬಿಳಿಯ ಮಾಲೀಕ ತಲೆಯೆತ್ತಿ ಅವಳ ಕಡೆಗೆ ನೋಡುತ್ತಾನೆ, ಆದರೆ ಅವಳು ಅವನಿಗೆ ಕಾಣುವುದಿಲ್ಲ. ನೋಡಲು ಅಲ್ಲಿ ಏನೋ ಇದೆ ಎಂದು ಅವನಿಗೆ ಅನ್ನಿಸುವುದೇ ಇಲ್ಲ. ಬೇಕಾದ ಮಿಠಾಯಿಯನ್ನು ಅವಳು ಬೆರಳಿನಿಂದ ತೋರಿಸುತ್ತಾಳೆ, ಅವನು ರೇಗುತ್ತಾನೆ. ಕೊನೆಗೆ ಅವಳು ಕಾಸು ಚಾಚಿದಾಗ ಅವನು ಒಂದು ಗಳಿಗೆ ತಡೆಯುತ್ತಾನೆ. ಅವಳ ಕೈ ಮುಟ್ಟಲು ಅವನಿಗೆ ಮನಸ್ಸಿಲ್ಲ. ಆಮೇಲೆ ಮುಂದೆ ಬಾಗಿ ಕಾಸು ತೆಗೆದುಕೊಳ್ಳುತ್ತಾನೆ. ಬೆವೆತ ಅಂಗೈಗೆ ಅವನ ಉಗುರು ಸೋಕುತ್ತದೆ. ಮಿಠಾಯಿ ಹಿಡಿದು ಹೊರಗೆ ಬಂದ ಹುಡುಗಿಗೆ ಅವೇ ಹಳದಿ ಹೂಗಳು ಈಗ ಕುರೂಪವಾಗಿ ಕಾಣುತ್ತವೆ. ಅವು ಕಳೆಯೇ ಹೌದು ಎಂದುಕೊಳ್ಳುತ್ತಾಳೆ.

1970ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾನು ಮೊದಲು ಓದಿದ್ದು ಹಾಸನದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಾಡಿಗೆ ಕೋಣೆಯೊಂದರಲ್ಲಿ. ಈ ಪ್ರಸಂಗವನ್ನು ಓದಿದವರಿಗೆ ಆ ಹುಡುಗಿಯ ಬಗ್ಗೆ ಮರುಕ ಹುಟ್ಟುವುದು ಸಹಜ, ನನಗೂ ಹುಟ್ಟಿತು. ಆದರೆ ಮರುಕಕ್ಕಿಂತ ಮೊದಲು ನನಗೆ ಆ ಅಂಗಡಿಯವನ ಗುರುತು ಹತ್ತಿತ್ತು. ಕಾಸು ಮುಂದಿದ್ದರೂ ಕೈ ಮುಂದೆ ಹೋಗದ ಆ ಒಂದು ಗಳಿಗೆ ಎಂಥದ್ದು ಎಂಬುದನ್ನು ನಾನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ನಾನು ಅಂಗಡಿಯವರ ಮಗ.

ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯ ಕೂಡುರಸ್ತೆಯಲ್ಲಿ ನಮ್ಮ ತಂದೆಯವರ ದಿನಸಿ ಅಂಗಡಿಯಿತ್ತು. ಸುತ್ತಲೂ ಕಾಫಿ ತೋಟಗಳು, ತೋಟಗಳ ಅಂಚಿನಲ್ಲಿ ಆಳುಗಳ ಲೈನ್ ಮನೆಗಳು. ಬಟವಾಡೆಯ ದಿನ ಸಂಜೆ ಉಪ್ಪು, ಮೆಣಸಿನಕಾಯಿ, ಬೆಲ್ಲ, ಹೊಗೆಸೊಪ್ಪು, ಸೀಮೆಎಣ್ಣೆಗೆ ಬಂದ ಜನ ರಸ್ತೆಯವರೆಗೂ ನಿಲ್ಲುತ್ತಿದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಹಲಸಿನ ಮರದ ಅಗಲವಾದ ಹಲಗೆಯೊಂದಿತ್ತು. ಬಂದವರು ಕಾಸನ್ನು ಅದರ ಮೇಲೆ ಇಡುತ್ತಿದ್ದರು. ಎಲ್ಲರೂ ಅಲ್ಲ. ಕೆಲವರು ಜಗಲಿಯನ್ನೇ ಹತ್ತುತ್ತಿರಲಿಲ್ಲ. ಅವರಿಗಾಗಿ ಜಗಲಿಯ ಅಂಚಿನಲ್ಲಿ, ಅರ್ಧದಷ್ಟು ನೀರು ತುಂಬಿದ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಕಾಸನ್ನು ಅದರೊಳಗೆ ಹಾಕಬೇಕು. ನೀರಿನಿಂದ ಎತ್ತಿದ ಕಾಸಿಗೆ ಮೈಲಿಗೆಯಿಲ್ಲ ಎಂಬುದು ನಂಬಿಕೆ. ಚಿಲ್ಲರೆಯನ್ನು ತಂದೆಯವರು ಜಗಲಿಯ ಮೇಲೆ ಇಡುತ್ತಿದ್ದರು, ಪೊಟ್ಟಣಗಳನ್ನು ಅವರು ಒಡ್ಡಿದ ಸೆರಗಿಗೆ ಮೇಲಿನಿಂದ ಬಿಡುತ್ತಿದ್ದರು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ನಮ್ಮ ತಂದೆಯವರು ತೂಕದಲ್ಲಿ ಮೋಸ ಮಾಡದವರು, ಮಳೆಗಾಲದಲ್ಲಿ ಕೆಲಸವಿಲ್ಲದವರಿಗೆ ತಿಂಗಳುಗಟ್ಟಲೆ ಸಾಲ ಕೊಡುತ್ತಿದ್ದವರು. ಊರಿನಲ್ಲಿ ಒಳ್ಳೆಯವರೆಂದೇ ಅವರಿಗೆ ಹೆಸರು. ಶಾಲೆಯಿಂದ ಬಂದ ಮೇಲೆ ಚಿಪ್ಪಿನೊಳಗಿನ ಕಾಸನ್ನು ಆರಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಗಲ್ಲಾಪೆಟ್ಟಿಗೆಗೆ ಹಾಕುವುದು ನನ್ನ ಕೆಲಸವಾಗಿತ್ತು.

ಆ ಕಾದಂಬರಿಯನ್ನು ಓದಿದಂದಿನಿಂದ, ಕಪ್ಪು ಜನರ ಬರಹವನ್ನು ಓದುವಾಗಲೆಲ್ಲ ನನ್ನ ಗಮನ ಕೈಗಳ ಮೇಲೆಯೇ ಇರುತ್ತದೆ. ಯಾರು ಏನನ್ನು ಚಾಚಿದರು, ಯಾರು ತೆಗೆದುಕೊಂಡರು, ಯಾರು ತೆಗೆದುಕೊಳ್ಳಲಿಲ್ಲ ಎಂದು ನೋಡುತ್ತೇನೆ. ಜನಾಂಗದ್ವೇಷದ ಸಾಹಿತ್ಯವೆಂದರೆ ಚಾಟಿ, ಸಂಕೋಲೆ, ಹರಾಜುಕಟ್ಟೆ, ಮರಕ್ಕೆ ನೇತುಹಾಕಿದ ಹೆಣ ಎಂಬ ಕಲ್ಪನೆ ನಮ್ಮಲ್ಲಿದೆ. ಅವೆಲ್ಲವೂ ಅಲ್ಲಿವೆ, ಇರಲೇಬೇಕು, ಏಕೆಂದರೆ ಅವೆಲ್ಲವೂ ನಡೆದವು. ಆದರೆ ಚಾಟಿಯೇಟಿನ ವರ್ಣನೆಯನ್ನು ಓದುವಾಗ ನಮ್ಮಲ್ಲಿ ಯಾರೂ ಚಾಟಿ ಹಿಡಿದವನ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಳ್ಳುವುದಿಲ್ಲ. ನಾವು ಅಂಥವರಲ್ಲ ಎಂಬ ನೆಮ್ಮದಿ ಬಹಳ ಬೇಗ ಸಿಕ್ಕಿಬಿಡುತ್ತದೆ. ಕೊಡುಕೊಳ್ಳುವ ಸಣ್ಣ ಪ್ರಸಂಗಗಳು ಆ ನೆಮ್ಮದಿಗೆ ಎಡೆಕೊಡುವುದಿಲ್ಲ.

ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು 1903ರಲ್ಲಿ ಪ್ರಕಟಿಸಿದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಕೃತಿಯ ಮೊದಲ ಪುಟಗಳಲ್ಲೇ ಇಂಥ ಒಂದು ಪ್ರಸಂಗವಿದೆ. ಅವರು ಓದುತ್ತಿದ್ದ ಸಣ್ಣ ಶಾಲೆಯ ಮಕ್ಕಳು ಹತ್ತು ಸೆಂಟಿಗೆ ಒಂದು ಕಟ್ಟಿನಂತೆ ಚೆಂದದ ವಿಸಿಟಿಂಗ್ ಕಾರ್ಡುಗಳನ್ನು ಕೊಂಡು, ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ಆಟ ಹೂಡಿದ್ದರು. ಹೊಸದಾಗಿ ಬಂದಿದ್ದ ಎತ್ತರದ ಹುಡುಗಿಯೊಬ್ಬಳು ಈ ಹುಡುಗ ಕೊಟ್ಟ ಕಾರ್ಡನ್ನು ಒಂದು ನೋಟದಲ್ಲೇ ನಿರಾಕರಿಸಿದಳು. ಅವರ ಲೋಕಕ್ಕೂ ತನಗೂ ನಡುವೆ ಒಂದು ದೊಡ್ಡ ಪರದೆ ಇದೆ ಎಂಬುದು ಅವನಿಗೆ ಹೊಳೆದದ್ದು ಆಗ. ತನ್ನನ್ನು ತಾನು ಸದಾ ಇನ್ನೊಬ್ಬರ ಕಣ್ಣಿನಿಂದ ನೋಡಿಕೊಳ್ಳಬೇಕಾದ ಇಬ್ಬಗೆಯ ಅರಿವನ್ನು ಕುರಿತು ಆ ಪುಸ್ತಕ ಹೇಳಿದ ಮಾತನ್ನು ವಿದ್ವಾಂಸರು ಒಂದು ಶತಮಾನಕ್ಕೂ ಮೀರಿ ಚರ್ಚಿಸುತ್ತ ಬಂದಿದ್ದಾರೆ. ನನಗೆ ಮಾತ್ರ ಅದೆಲ್ಲದರ ಬೇರು ಹತ್ತು ಸೆಂಟಿನ ಆ ಕಾರ್ಡಿನಲ್ಲಿ ಇರುವಂತೆ ಕಾಣುತ್ತದೆ.

ರಿಚರ್ಡ್ ರೈಟ್ ಅವರ 1945ರ ಆತ್ಮಕಥೆ ‘ಬ್ಲ್ಯಾಕ್ ಬಾಯ್’ ಕೃತಿಯಲ್ಲಿ ಬರುವುದು ಗ್ರಂಥಾಲಯದ ಕೌಂಟರು. ಮೆಂಫಿಸ್ ನಗರದ ಆ ಗ್ರಂಥಾಲಯದಲ್ಲಿ ಕಪ್ಪು ಜನರಿಗೆ ಪುಸ್ತಕ ಕೊಡುತ್ತಿರಲಿಲ್ಲ. ಓದುವ ಹಸಿವಿನಿಂದ ತಳಮಳಿಸುತ್ತಿದ್ದ ರೈಟ್, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಬಿಳಿಯನೊಬ್ಬನ ಕಾರ್ಡನ್ನು ಎರವಲು ಪಡೆದು, ಅವನೇ ಬರೆದಂತೆ ತಾನೇ ಒಂದು ಚೀಟಿ ಬರೆಯುತ್ತಾನೆ. ಈ ಹುಡುಗನ ಕೈಯಲ್ಲಿ ಇಂತಿಂಥ ಪುಸ್ತಕ ಕೊಟ್ಟು ಕಳುಹಿಸಿ ಎಂಬ ಆ ಚೀಟಿಯಲ್ಲಿ, ಗ್ರಂಥಪಾಲಕಿಗೆ ಸಂಶಯ ಬಾರದಿರಲೆಂದು, ತನ್ನ ಜನಾಂಗವನ್ನು ಹೀಯಾಳಿಸುವ ಬೈಗುಳದಿಂದಲೇ ತನ್ನನ್ನು ಕರೆದುಕೊಂಡಿರುತ್ತಾನೆ. ಈ ಪುಸ್ತಕಗಳನ್ನು ಓದುವವನು ನೀನೇ ಅಲ್ಲ ತಾನೆ ಎಂದು ಆಕೆ ಕೇಳುತ್ತಾಳೆ. ಇಲ್ಲಮ್ಮ, ನನಗೆ ಓದಲು ಬರುವುದಿಲ್ಲ ಎಂದು ಅವನು ಉತ್ತರಿಸುತ್ತಾನೆ. ಮುಂದೆ ‘ನೇಟಿವ್ ಸನ್’ ಎಂಬ ಹೆಸರಾಂತ ಕಾದಂಬರಿ ಬರೆಯಲಿದ್ದ ಮನುಷ್ಯ, ಪುಸ್ತಕ ಮುಟ್ಟುವ ಸಲುವಾಗಿ ಅಕ್ಷರ ಬಾರದವನಂತೆ ನಿಲ್ಲಬೇಕಾಯಿತು. ಗ್ರಂಥಪಾಲಕಿ ಕೆಟ್ಟವಳೆಂದು ರೈಟ್ ಎಲ್ಲೂ ಹೇಳುವುದಿಲ್ಲ. ಅವಳು ತನ್ನ ಕೆಲಸ ಮಾಡುತ್ತಿದ್ದಳು. ನಾನೂ ಚಿಪ್ಪಿನಿಂದ ಕಾಸು ಆರಿಸುವ ನನ್ನ ಕೆಲಸ ಮಾಡುತ್ತಿದ್ದೆ.

ಅದಕ್ಕೂ ನೂರು ವರ್ಷ ಹಿಂದೆ, 1845ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ ತಮ್ಮ ಬದುಕಿನ ಕಥೆಯನ್ನು ಪ್ರಕಟಿಸಿದ್ದರು. ಬಾಲ್ಟಿಮೋರ್‌ನಲ್ಲಿ ಯಜಮಾನಿತಿ ಅವರಿಗೆ ಅಕ್ಷರ ಹೇಳಿಕೊಡಲು ಶುರುಮಾಡಿದಳು. ಓದು ಕಲಿತವನು ಗುಲಾಮನಾಗಿ ಉಳಿಯಲಾರ ಎಂದು ಗಂಡ ತಡೆದ. ಆ ತಡೆಯಲ್ಲೇ ಬಿಡುಗಡೆಯ ದಾರಿ ಡಗ್ಲಸ್‌ಗೆ ಗೊತ್ತಾಯಿತು. ಮನೆಯಿಂದ ರೊಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬೀದಿಯಲ್ಲಿ ಹಸಿದಿರುತ್ತಿದ್ದ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಪಾಠ ಹೇಳಿಸಿಕೊಂಡರು. ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಹೆಸರಿನ ಮರೆಯಲ್ಲಿ ಬರೆದ ಆತ್ಮಕಥೆ ನನಗೆ ಇನ್ನೂ ಹತ್ತಿರದ್ದು. ಯಜಮಾನನ ಕಾಟದಿಂದ ತಪ್ಪಿಸಿಕೊಳ್ಳಲು ಆಕೆ ತನ್ನ ಅಜ್ಜಿಯ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿದ್ದಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಜಾಗದಲ್ಲಿ ಮೂರೇ ಅಡಿ. ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಅಟ್ಟವೆಂದರೆ ಏನೆಂದು ವಿವರಿಸಬೇಕಾಗಿಲ್ಲ: ಕತ್ತಲು, ಹೊಗೆ, ಇಲಿ, ಬೇಸಿಗೆಯಲ್ಲಿ ಹೆಂಚಿನಿಂದ ಇಳಿಯುವ ಕಾವು. ಅಲ್ಲಿ ಸಿಕ್ಕಿದ ಒಂದು ಬೈರಿಗೆಯಿಂದ ಅವಳು ಗೋಡೆಗೆ ತೂತು ಕೊರೆದು, ಕೆಳಗೆ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು. ತಾಯಿ ಎಲ್ಲಿದ್ದಾಳೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಈ ಭಾಗವನ್ನು ಮೊದಲ ಸಲ ಓದಿದ ರಾತ್ರಿ ನಾನು ಪುಸ್ತಕವನ್ನು ಮುಂದುವರಿಸಲಿಲ್ಲ.

ಇವೆಲ್ಲ ಒಳಗಿನವರು ಬರೆದವು. ಜಗತ್ತಿನಲ್ಲಿ ಹೆಚ್ಚು ಓದಿಸಿಕೊಂಡವು ಮಾತ್ರ ಹೊರಗಿನಿಂದ ಮರುಕಪಟ್ಟವರು ಬರೆದ ಪುಸ್ತಕಗಳು. ಹ್ಯಾರಿಯೆಟ್ ಬೀಚರ್ ಸ್ಟೋ ಎಂಬ ಬಿಳಿಯ ಲೇಖಕಿಯ ‘ಅಂಕಲ್ ಟಾಮ್ಸ್ ಕ್ಯಾಬಿನ್’ 1852ರಲ್ಲಿ ಪುಸ್ತಕವಾಗಿ ಬಂದಾಗ ಅಮೆರಿಕದಲ್ಲಿ ಮೊದಲ ವರ್ಷವೇ ಮೂರು ಲಕ್ಷ ಪ್ರತಿಗಳು ಮಾರಾಟವಾದವು. ಗುಲಾಮಗಿರಿಯ ವಿರುದ್ಧ ಜನಾಭಿಪ್ರಾಯ ಮೂಡಿಸುವಲ್ಲಿ ಅದರ ಪಾಲು ದೊಡ್ಡದು, ಅದನ್ನು ಕಿರಿದು ಮಾಡುವ ಮನಸ್ಸು ನನಗಿಲ್ಲ. ಆದರೂ ಅದರ ನಾಯಕನ ಹೆಸರು ಕಾಲಾನಂತರ ಕಪ್ಪು ಜನರ ನಡುವೆಯೇ ಬೈಗುಳವಾಯಿತು. ಹೊಡೆದವನನ್ನೂ ಕ್ಷಮಿಸುತ್ತ ಸಾಯುವ ಟಾಮ್ ಅವರಿಗೆ ಬೇಕಾಗಿರಲಿಲ್ಲ. ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ 1949ರ ಪ್ರಬಂಧವೊಂದರಲ್ಲಿ ಈ ಕಾದಂಬರಿಯ ಅತಿಭಾವುಕತೆಯನ್ನು ಕಟುವಾಗಿ ಟೀಕಿಸಿ, ತೋರಿಕೆಯ ಕಣ್ಣೀರು ಅಪ್ರಾಮಾಣಿಕತೆಯ ಗುರುತು ಎಂಬ ಅರ್ಥದ ಮಾತು ಬರೆದರು. ಆಗ ಅವರಿಗೆ ಇನ್ನೂ ಇಪ್ಪತ್ತನಾಲ್ಕು.

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ 1960ರದು. ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್ಸನ್, ಅವನ ಪರವಾಗಿ ವಾದಿಸುವ ಬಿಳಿಯ ವಕೀಲ ಆಟಿಕಸ್ ಫಿಂಚ್, ಕಥೆ ಹೇಳುವ ವಕೀಲರ ಪುಟ್ಟ ಮಗಳು. ನಾನು ಇದನ್ನು ಹಲವು ಬಾರಿ ಓದಿದ್ದೇನೆ, ಆಟಿಕಸ್‌ನ ಬಗ್ಗೆ ಗೌರವ ಇಟ್ಟುಕೊಂಡೇ ಓದಿದ್ದೇನೆ. ಆದರೆ ನ್ಯಾಯಾಲಯದಲ್ಲಿ ಕಪ್ಪು ಜನರು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದು, ವಕೀಲರು ಹೊರಡುವಾಗ ಗೌರವದಿಂದ ಎದ್ದು ನಿಲ್ಲುತ್ತಾರೆ ಎಂಬಲ್ಲಿ ಈಗೀಗ ನನ್ನ ಮನಸ್ಸು ನಿಂತುಬಿಡುತ್ತದೆ. ಸೋತು ಜೈಲಿಗೆ ಹೋಗುತ್ತಿರುವವನು ಅವರವನು. ಆ ಹೊತ್ತಿನಲ್ಲಿ ಅವರ ಎದೆಯಲ್ಲಿ ಏನಿತ್ತು, ಮನೆಗೆ ನಡೆದು ಹೋಗುವಾಗ ಅವರು ಏನು ಮಾತಾಡಿಕೊಂಡರು ಎಂಬುದು ಕಾದಂಬರಿಯ ಒಳಗೆ ಬರುವುದೇ ಇಲ್ಲ. ಎದ್ದು ನಿಲ್ಲುವುದಷ್ಟೇ ಅವರ ಪಾಲಿಗೆ ಬಂದ ಕೆಲಸ.

ಆದರೂ ಅದೇ ಕಾದಂಬರಿಯಲ್ಲಿ ಒಂದು ಮಾತಿದೆ, ಅದು ಬಹುಶಃ ಇಡೀ ಪುಸ್ತಕಕ್ಕಿಂತ ದೊಡ್ಡದು. ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ಊನವಾಗಿರುವ ಟಾಮ್, ಆ ಹುಡುಗಿಗೆ ಕೂಲಿಯಿಲ್ಲದೆ ಏಕೆ ಕೆಲಸ ಮಾಡಿಕೊಡುತ್ತಿದ್ದೆ ಎಂದು ಕೇಳಿದಾಗ, ಅವಳನ್ನು ಕಂಡು ಪಾಪ ಎನಿಸಿತು ಎನ್ನುತ್ತಾನೆ. ಇಡೀ ನ್ಯಾಯಾಲಯ ಬಿಗಿದುಕೊಳ್ಳುತ್ತದೆ. ಕಪ್ಪು ಮನುಷ್ಯ ಬಿಳಿಯ ಹೆಣ್ಣಿನ ಬಗ್ಗೆ ಕನಿಕರಪಡುವುದೆಂದರೇನು! ಆರೋಪಕ್ಕಿಂತಲೂ ಆ ಕನಿಕರವೇ ಅವರಿಗೆ ಕ್ಷಮಿಸಲಾಗದ ಅಪರಾಧವಾಯಿತು. ಕನಿಕರಕ್ಕೂ ಮೇಲುಕೀಳಿದೆ, ಅದು ಮೇಲಿನಿಂದ ಕೆಳಗೆ ಮಾತ್ರ ಹರಿಯಬೇಕು, ನಮ್ಮ ಅಂಗಡಿಯಲ್ಲಿ ಪೊಟ್ಟಣ ಸೆರಗಿಗೆ ಬೀಳುತ್ತಿದ್ದ ಹಾಗೆ. ತಂದೆಯವರು ಸಾಲ ಕೊಡುತ್ತಿದ್ದರೆಂದು ಮೇಲೆ ಬರೆದೆ. ನಮ್ಮ ಅಜ್ಜಿ ತೀರಿಕೊಂಡಾಗ ಲೈನಿನವರು ನಮ್ಮ ಬಗ್ಗೆ ಮರುಕಪಟ್ಟಿರಬಹುದು ಎಂಬ ಯೋಚನೆ ನನಗೆ ಬಂದದ್ದು ಈ ಸಾಲನ್ನು ಓದಿದ ಮೇಲೆ. ಅಲ್ಲಿಯವರೆಗೆ ಬಂದಿರಲೇ ಇಲ್ಲ.

ಕನ್ನಡದಲ್ಲಿ ಇದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಹೋಗುವುದು ಘಟ್ಟದ ಮೇಲಿನ ಕಾಫಿ ತೋಟಕ್ಕೆ, ಅಂದರೆ ನಮ್ಮ ಕಡೆಗೆ. ಬೇಸಾಯ ಮಾಡಬೇಕೆಂಬ ಒಂದೇ ಆಸೆ ಹೊತ್ತ ಚೋಮ, ಅದು ಕೈಗೂಡದೆ ದುಡಿ ಬಾರಿಸುತ್ತ ಸಾಯುತ್ತಾನೆ. ಓದಿದವರೆಲ್ಲ ಅತ್ತಿದ್ದಾರೆ, ನಮ್ಮ ತಂದೆಯವರೂ ಅದರ ಸಿನಿಮಾ ನೋಡಿ ಕಣ್ಣೊರೆಸಿಕೊಂಡಿದ್ದರು. ಮರುದಿನ ಚಿಪ್ಪು ತನ್ನ ಜಾಗದಲ್ಲೇ ಇತ್ತು. ಇದು ಕಾರಂತರ ತಪ್ಪಲ್ಲ. ಅವರು 1933ರ ಹೊತ್ತಿಗೆ ಬರೆದದ್ದು ಅಸಾಮಾನ್ಯ ಧೈರ್ಯದ ಕೃತಿ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜೀತದಾಳು ಗುತ್ತಿಗೆ ಇನ್ನೂ ಹೆಚ್ಚಿನದನ್ನು ಕೊಟ್ಟರು: ಕಥೆಯ ಆರಂಭವನ್ನೇ ಕೊಟ್ಟರು, ಪ್ರೀತಿಸುವ ಹಕ್ಕು ಕೊಟ್ಟರು, ಹುಲಿಯನೆಂಬ ನಾಯಿಯನ್ನು ಕೊಟ್ಟರು. ಆದರೆ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಶುರುವಾಗುವುದೇ ಬೇರೆ ಬಗೆಯಲ್ಲಿ. ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತಿರುವ ಬಾಲಕನಿಗೆ ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಅಲ್ಲಿ ಅಳುವಿಲ್ಲ, ಬೇಡಿಕೆಯಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ ಲೇಖಕ ಮುಂದೆ ಹೋಗುತ್ತಾರೆ, ಓದಿದವನು ಆ ಹೊಲದಲ್ಲೇ ನಿಂತಿರುತ್ತಾನೆ. ಡಗ್ಲಸ್ ಬರೆಯುವುದೂ ಹೀಗೆಯೇ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬಣ್ಣ ದೂರದಿಂದಲೇ ಕಾಣುತ್ತದೆ. ಜಾತಿ ಕಾಣುವುದಿಲ್ಲ, ಆದುದರಿಂದಲೇ ನಾವು ಹೊಸಬರ ಊರು, ಮನೆತನ, ಅಪ್ಪನ ಹೆಸರು ವಿಚಾರಿಸಿ, ಕೊನೆಗೆ ಯಾರ ಪೈಕಿ ಎಂದು ಕೇಳುವವರೆಗೆ ಬಿಡುವುದಿಲ್ಲ. ಆದರೂ ಈ ಎರಡು ಜನಗಳು ಒಬ್ಬರನ್ನೊಬ್ಬರು ಗುರುತಿಸಿಕೊಂಡದ್ದು ಇಂದು ನಿನ್ನೆಯಲ್ಲ. ಜೋತಿಬಾ ಫುಲೆಯವರು 1873ರ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಕಪ್ಪು ಜನರ ಗುಲಾಮಗಿರಿಯನ್ನು ತೊಡೆದ ಅಮೆರಿಕದ ಸಜ್ಜನರಿಗೆ. ಅಂಬೇಡ್ಕರ್ ಅವರು 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದು, ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಎಷ್ಟು ಸಾಮ್ಯವಿದೆಯೆಂದರೆ ಅದನ್ನು ಅಧ್ಯಯನ ಮಾಡುವುದು ಸಹಜವಷ್ಟೇ ಅಲ್ಲ, ಅಗತ್ಯ ಎಂದು ತಿಳಿಸಿದರು. ಕಾರ್ಡನ್ನು ನಿರಾಕರಿಸಿಕೊಂಡ ಆ ಹುಡುಗ ಆಗ ಎಪ್ಪತ್ತೆಂಟು ವರ್ಷದ ಹಿರಿಯರು.

ನಿರಾಕರಣೆಗೆ ಇನ್ನೊಂದು ರೂಪವಿದೆ: ಮಾತನ್ನೇ ಕೊಡದಿರುವುದು. ಜೋಸೆಫ್ ಕಾನ್ರಾಡ್ ಅವರ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕೃತಿಯನ್ನು ಕುರಿತು ನೈಜೀರಿಯಾದ ಚಿನುವಾ ಅಚಿಬೆ 1975ರಲ್ಲಿ ಮಾಡಿದ ಉಪನ್ಯಾಸ ಇದನ್ನು ಎತ್ತಿ ತೋರಿಸಿತು. ಆಫ್ರಿಕಾದ ನಡುವೆ ನಡೆಯುವ ಆ ಕಥೆಯಲ್ಲಿ ಆಫ್ರಿಕಾದವರು ಬಾಯಿ ಬಿಟ್ಟು ಮಾತಾಡುವುದು ಎರಡೇ ಎರಡು ಸಲ. ಉಳಿದಂತೆ ಅವರು ಕೈಕಾಲು, ಕಣ್ಣು, ಕೂಗು. ಬಿಳಿಯನೊಬ್ಬನ ಮನಸ್ಸು ಕುಸಿಯುವುದಕ್ಕೆ ಒಂದು ಖಂಡವೇ ಹಿನ್ನೆಲೆಯ ಪರದೆಯಾಗಿದೆ ಎಂದು ಅಚಿಬೆ ಸಿಟ್ಟಿನಿಂದ ಹೇಳಿದರು. ಈ ಉಪನ್ಯಾಸವನ್ನು ಓದಿದ ಮೇಲೆ ನಾನು ನಮ್ಮ ಜಿಲ್ಲೆಗಳ ಹಳೆಯ ತೋಟದ ದೊರೆಗಳ ಬರಹಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿ ಮೈಸೂರು ಸೀಮೆಯ ಚಿನ್ನವಿದೆ, ಬೇಟೆಯಿದೆ, ಕಾಫಿಯಿದೆ. ಕಾಫಿ ಕೊಯ್ದವರು ಹೆಸರಿನಲ್ಲಿಲ್ಲ. ನಾವೇ ಬರೆದುಕೊಂಡ ಊರಿನ ನೆನಪುಗಳಲ್ಲೂ ಲೈನಿನವರು ಎಷ್ಟು ಸಲ ಮಾತಾಡುತ್ತಾರೆ ಎಂದು ಎಣಿಸಿ ನೋಡಬೇಕು. ನಾನು ಎಣಿಸಿದ್ದೇನೆ. ಹಿಂದೆ ನಾನು ಬರೆದ ಬಾಲ್ಯದ ಲೇಖನವೊಂದರಲ್ಲಿ ಅವರು ಒಂದು ಸಲವೂ ಮಾತಾಡಿರಲಿಲ್ಲ.

ಅನುವಾದದ ಒಂದು ಕಷ್ಟವನ್ನೂ ಇಲ್ಲಿಯೇ ಹೇಳಬೇಕು. ಮಾರ್ಕ್ ಟ್ವೇನ್ ಅವರ ‘ಹಕಲ್‌ಬರಿ ಫಿನ್’ ಕಾದಂಬರಿಯಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಆ ಪದ ಇನ್ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. 2011ರಲ್ಲಿ ಅಮೆರಿಕದ ಒಂದು ಆವೃತ್ತಿಯಲ್ಲಿ ಅದನ್ನು ತೆಗೆದು ಗುಲಾಮ ಎಂಬ ಪದ ಹಾಕಿದಾಗ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡಕ್ಕೆ ತರುವಾಗ ಏನು ಮಾಡುವುದು? ನಮ್ಮ ಹಳೆಯ ಪಠ್ಯಗಳಲ್ಲಿದ್ದ ನೀಗ್ರೊ ಎಂಬ ಪದ ಸರಿಯಾಗಿಯೇ ಬಳಕೆ ತಪ್ಪಿದೆ. ಕರಿಯ ಎಂದರೆ ಆ ಪದದ ಚೂಪು ಬರುವುದಿಲ್ಲ. ಕರಿಯಪ್ಪ, ಕರಿಯಮ್ಮ ನಮ್ಮಲ್ಲಿ ಮನುಷ್ಯರ ಹೆಸರು, ದೇವರ ಹೆಸರು. ಆ ಪದದಷ್ಟೇ ಆಳಕ್ಕೆ ಇರಿಯುವ ಮಾತುಗಳು ಕನ್ನಡದಲ್ಲಿ ಇಲ್ಲದಿಲ್ಲ, ಆದರೆ ಅವೆಲ್ಲ ಜಾತಿಯ ಹೆಸರುಗಳಿಗೆ ಅಂಟಿಕೊಂಡಿವೆ. ಮಿಸಿಸಿಪಿ ನದಿಯ ತೆಪ್ಪದ ಮೇಲೆ ಆ ಮಾತು ಬಂದ ಕೂಡಲೇ ಕಥೆ ಹೇಮಾವತಿಯ ದಂಡೆಗೆ ಬಂದುಬಿಡುತ್ತದೆ. ಆದುದರಿಂದ ಮೂಲದ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಅಳಿಸುವುದನ್ನು ನಾನು ಒಪ್ಪುವುದಿಲ್ಲ. ಆ ಪದವನ್ನು ಕೇಳುತ್ತ ಬದುಕಿದವರಿಗೆ ಅದನ್ನು ಅಳಿಸಿಕೊಳ್ಳುವ ಅವಕಾಶ ಇರಲಿಲ್ಲ.

ಬಣ್ಣದ ವಿಷಯದಲ್ಲಿ ನಾವು ಹೊರಗಿನವರೆಂದು ತಿಳಿಯುವುದೂ ತಪ್ಪು. ಹೆಣ್ಣು ನೋಡಿ ಬಂದವರು ಕಪ್ಪಾದರೂ ಲಕ್ಷಣವಾಗಿದ್ದಾಳೆ ಎನ್ನುವುದನ್ನು ನಾನು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಆ ‘ಆದರೂ’ ಎಂಬ ಮೂರಕ್ಷರದಲ್ಲಿ ಪೆಕೋಲಾ ಇದ್ದಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮದು. ಮಾರಿಸನ್ ಅವರ ಕಾದಂಬರಿಯಲ್ಲಿ ಆ ಗಾದೆಯೂ ಸುಳ್ಳಾಗುತ್ತದೆ. ತಾಯಿ ಕೆಲಸ ಮಾಡುವ ಬಿಳಿಯರ ಅಡುಗೆಮನೆಯಲ್ಲಿ ಪೆಕೋಲಾಳ ಕೈತಾಗಿ, ಆಗತಾನೇ ಬೇಯಿಸಿದ ಹಣ್ಣಿನ ತಿನಿಸಿನ ಪಾತ್ರೆ ಕೆಳಗೆ ಬಿದ್ದು, ಬಿಸಿ ರಸ ಅವಳ ಕಾಲಿಗೇ ಸಿಡಿಯುತ್ತದೆ. ತಾಯಿ ಮಗಳನ್ನು ಹೊಡೆದು ಹೊರಗೆ ಅಟ್ಟಿ, ಹೆದರಿ ಅಳುತ್ತಿರುವ ಯಜಮಾನರ ಬಿಳಿಯ ಮಗುವನ್ನು ಸಂತೈಸುತ್ತಾಳೆ. ಹೆತ್ತ ತಾಯಿಯ ಕಣ್ಣಿನಲ್ಲೂ ಬಿಳಿಯದೇ ಚೆಲುವೆಂದು ತುಂಬಿದವರು ಯಾರು ಎಂಬುದು ಆ ಕಾದಂಬರಿಯ ಪ್ರಶ್ನೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ, ಬೇರೆ ದೇಶದ ಬೇರೊಬ್ಬ ಓಡಿಸಿದ ಕಾರಿನ ಅಪಘಾತಕ್ಕಾಗಿ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅವಳಿಗೂ ಆ ಚಾಲಕನಿಗೂ ಇದ್ದ ನಂಟು ಚರ್ಮದ್ದು ಮಾತ್ರ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಯುವಕನೊಬ್ಬ ಕೂತಿದ್ದ. ಕಂಡಕ್ಟರು ಅವನೊಡನೆ ತಡವರಿಸುತ್ತ ಇಂಗ್ಲಿಷಿನಲ್ಲಿ ಮಾತಾಡಿದರು. ಅವನು ಚಿಲ್ಲರೆ ಚಾಚಿ, ‘ಹಾಸನಕ್ಕೆ ಒಂದು ಕೊಡಿ ಸಾರ್’ ಎಂದ. ಬಸ್ಸಿನಲ್ಲಿ ಅರ್ಧ ಜನ ತಿರುಗಿ ನೋಡಿದರು. ನಾನೂ ನೋಡಿದೆ.

‘ದಿ ಬ್ಲೂಯೆಸ್ಟ್ ಐ’ ಬಂದು ಎರಡು ದಶಕಗಳಾದ ಮೇಲೆ ಮಾರಿಸನ್ ಅದಕ್ಕೊಂದು ಹಿನ್ನುಡಿ ಬರೆದರು. ಓದುಗರು ಪೆಕೋಲಾಳನ್ನು ಕಂಡು ಮರುಗುವ ಸುಖದಲ್ಲಿ ಉಳಿದು, ಅವಳನ್ನು ಪುಡಿಮಾಡಿದ್ದರಲ್ಲಿ ತಮ್ಮ ಪಾಲೇನು ಎಂದು ತಮ್ಮನ್ನು ತಾವು ಕೇಳಿಕೊಳ್ಳದೆ ಹೋಗಬಹುದೆಂಬ ಅಳುಕು ತಮಗಿತ್ತು, ಅದನ್ನು ತಪ್ಪಿಸಲು ಹೂಡಿದ ಉಪಾಯ ಫಲಿಸಲಿಲ್ಲ, ಅನೇಕರ ಮನಸ್ಸನ್ನು ಪುಸ್ತಕ ಮುಟ್ಟಿತು, ಅಲುಗಾಡಿಸಲಿಲ್ಲ ಎಂಬುದು ಅಲ್ಲಿನ ಅವರ ಮಾತಿನ ಸಾರ. ನಾವೂ ಒಳ್ಳೆಯ ಪುಸ್ತಕವನ್ನು ಮನಮುಟ್ಟುವಂತಿದೆ ಎಂದು ಹೊಗಳುತ್ತೇವೆ. ಮುಟ್ಟುವುದರ ಸುತ್ತಲೇ ಇಷ್ಟೆಲ್ಲ ನಡೆದಿರುವ ನೆಲದಲ್ಲಿ ಆ ಮಾತನ್ನು ಅಷ್ಟು ಹಗುರವಾಗಿ ಆಡಲು ನನಗೆ ಈಗ ಆಗುವುದಿಲ್ಲ.

ನನಗಾಗ ಹತ್ತೋ ಹನ್ನೊಂದೋ ವರ್ಷ, ಪೆಕೋಲಾಳಷ್ಟೇ. ಬಟವಾಡೆಯ ಸಂಜೆ, ಜಡಿಮಳೆ. ತಂದೆಯವರು ಒಳಗೆ ಸೀಮೆಎಣ್ಣೆ ಅಳೆಯುತ್ತಿದ್ದರು. ಲೈನಿನ ಒಬ್ಬ ಅಜ್ಜಿ, ಗೊಪ್ಪೆ ಹೊದ್ದು ನಿಂತಿದ್ದವಳು, ಚಿಪ್ಪಿಗೆ ಹಾಕಲು ಹೋದ ನಾಲ್ಕಾಣೆ ಒದ್ದೆ ಬೆರಳಿನಿಂದ ಜಾರಿ ಜಗಲಿಯ ಮೇಲೆ ಉರುಳಿತು. ಹಿಡಿಯಲು ನಾನೂ ಬಾಗಿದೆ, ಅವಳೂ ಕೈ ಚಾಚಿದಳು. ನನ್ನ ಬೆರಳಿಗೆ ಅವಳ ಬೆರಳು ತಾಗಿತು. ಕಾಫಿ ಕೊಯ್ದು ಕಪ್ಪುಗಟ್ಟಿದ, ಮಳೆಗೆ ತಣ್ಣಗಾಗಿದ್ದ ಬೆರಳು. ಕೆಂಡ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡು, ‘ತಪ್ಪಾಯ್ತು ಸಣ್ಣಯ್ಯ, ಕಾಣ್ಲಿಲ್ಲ’ ಎಂದಳು. ಒಳಗಿನ ಕಡೆಗೆ ಒಮ್ಮೆ ನೋಡಿದಳು. ತಂದೆಯವರು ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ. ನಾನು ನಾಲ್ಕಾಣೆಯನ್ನು ಎತ್ತಿ ಚಿಪ್ಪಿಗೆ ಹಾಕಿದೆ. ಆಮೇಲೆ, ಯಾರೂ ಹೇಳದೆಯೇ, ಆ ಬೆರಳನ್ನು ಚಿಪ್ಪಿನ ನೀರಿನಲ್ಲಿ ಅದ್ದಿದೆ. ಅವಳು ನೋಡುತ್ತ ನಿಂತಿದ್ದಳು.